ಆ ಪ್ರೋಗ್ರಾಂ ಬರೆದವರು ಮೆಹರುನ್ನಿಸಾ ಬೇಗಂ

ಜೇವರ್ಗಿಯ ಸಿದ್ರಾಮಪ್ಪನವರು ಇಂದು ಬೆಳಿಗ್ಗೆ ಫೋನ್ ಮಾಡಿ, ಅಫಜಲಪುರದ ಮೆಹರುನ್ನಿಸಾ ಬೇಗಂ ತೀರಿಕೊಂಡರು ಎಂದರು...
ಯಾವ ಮೆಹರುನ್ನಿಸಾ ಎಂದು ಎರಡು ಸಲ ಕೇಳಿದೆ.
ನನಗೆ ಗೊತ್ತಿರುವವರು ಒಬ್ಬರೇ...
ಹೋದ ವಾರವಷ್ಟೇ ಮಾತಾಡಿದ್ದೆವು. ಮೊಣಕಾಲು ನೋವು ಬಿಟ್ಟರೆ ಏನೂ ಇಲ್ಲ ಎಂದಿದ್ದರು.

ಅವರನ್ನು ಅರಿಯದ ಕಿರಿಯ ಮಿತ್ರರ ಅವಗಾಹನೆಗಾಗಿ ಈ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಆಗ ನಮ್ಮ ಇಲಾಖೆಯ ತಾಲೂಕು ಕಚೇರಿಗಳಲ್ಲಿ ಇದ್ದದ್ದು ಒಂದೊಂದೇ ಕಂಪ್ಯೂಟರ್.
ಅದರಿಂದ ತಂತಿ ಎಳೆದು, ಪರದೆ ಮತ್ತು ಕೀಲಿಮಣೆಯಷ್ಟೇ ಇರುವ ಎಂಟು ಟರ್ಮಿನಲ್. ಎಂಟು ಜನ ಒಮ್ಮೆಗೇ ಕೂತು ಕೆಲಸ ಮಾಡಬೇಕು.
ಆಳಂದದಲ್ಲಿ ಸದರಿ ಯಂತ್ರದ ಹೊಣೆ ನನ್ನದು. ಜೇವರ್ಗಿಯಲ್ಲಿ ಸಿದ್ರಾಮಪ್ಪನವರದು.
ಅಫಜಲಪುರದಲ್ಲಿ ಮೆಹರುನ್ನಿಸಾ, ನಮ್ಮಿಬ್ಬರಿಗಿಂತ ಕಿರಿಯರು.

ಬೇಕಾದ ಚಿಕ್ಕಪುಟ್ಟ ಪ್ರೋಗ್ರಾಂಗಳನ್ನು ನಾವೇ ಬರೆದುಕೊಳ್ಳುತ್ತಿದ್ದೆವು.
ಫ್ಲಾಪಿಗೆ ಹಾಕಿ, ಜೊತೆಗೊಂದು ಪ್ರಿಂಟ್ ಸುತ್ತಿ, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆವು.
ಯಾರಾದರೂ ಬಳಸಬಹುದು, ತಿದ್ದಬಹುದು, ಮುಂದೆ ಕೊಡಬಹುದು. ಎಲ್ಲವೂ ಫ್ರೀ...
ನಿಯಮ ಒಂದೇ. ಮೊದಲ ಸಾಲಿನಲ್ಲಿ ಬರೆದವರ ಹೆಸರಿರಬೇಕು. ಅದನ್ನು ಯಾರೂ ತೆಗೆಯಕೂಡದು.
ಈ ನಿಯಮ ಮಾಡಿದವನು ನಾನೇ.

ಒಂದು ಟರ್ಮಿನಲ್ ಹ್ಯಾಂಗ್ ಆದರೆ ಇಡೀ ಕಂಪ್ಯೂಟರ್ ಆಫ್ ಮಾಡುವುದಷ್ಟೇ ನಮಗೆ ಗೊತ್ತಿದ್ದ ದಾರಿ.
ಉಳಿದ ಏಳು ಜನ ಟೈಪ್ ಮಾಡಿದ್ದೂ ಹೋಗುತ್ತಿತ್ತು... ಬೈಗುಳ ನಮಗೆ.
ಹ್ಯಾಂಗ್ ಆದ ಟರ್ಮಿನಲ್ ಒಂದನ್ನೇ ಬಿಡಿಸಿ, ಉಳಿದವರ ಕೆಲಸ ಉಳಿಸುವ ಪ್ರೋಗ್ರಾಂ ಬಂದದ್ದು ಅಫಜಲಪುರದಿಂದ. ಮೆಹರುನ್ನಿಸಾ ಬರೆದದ್ದು.

ಫ್ಲಾಪಿ ಆಳಂದಕ್ಕೆ ಬರುವಷ್ಟರಲ್ಲಿ ಬಿಸಿಲಿಗೆ ಕೆಟ್ಟಿತ್ತು. ಪ್ರಿಂಟ್ ನೋಡಿ ಟೈಪ್ ಮಾಡಿದೆ.
ನೌಕರಿಗೆ ಮೊದಲು ತಹಶೀಲ್ ಕಚೇರಿಯೆದುರು ಅರ್ಜಿ ನಕಲು ಮಾಡಿದ ಕೈ ನನ್ನದು. ಒಂದು ಚುಕ್ಕೆ ತಪ್ಪಲಿಲ್ಲ.
ಆದರೆ ಮೊದಲ ಸಾಲು ಯಂತ್ರಕ್ಕೆ ಬೇಡದ್ದು ಎಂದು ಬಿಟ್ಟೆ...
ಮುಗಿಸಿದ ಮೇಲೆ, ಅರ್ಜಿಗೆ ಹಾಕುವ ರೂಢಿಯಂತೆ ಕೆಳಗೆ ನನ್ನ ಹೆಸರು ಹಾಕಿದೆ.
ಹಾಗೆಯೇ ಜೇವರ್ಗಿಗೆ ಕಳಿಸಿದೆ. ಅಲ್ಲಿಂದ ಜಿಲ್ಲೆಯೆಲ್ಲ ಸುತ್ತಿತು... ನನ್ನ ಹೆಸರಿನಲ್ಲಿ.

ಮೆಹರುನ್ನಿಸಾ ಫೋನ್ ಮಾಡಿದ್ದರು.
"ಅಣ್ಣಾರ, ನಿಮ್ಮೂರ ಬಸ್ಸಿನ್ಯಾಗ ನನ್ನ ಹೆಸರಿಗಿ ಸೀಟ್ ಸಿಗಲಿಲ್ಲೇನ್ರಿ?"
ನಕ್ಕರು. ನಾನೂ ನಕ್ಕೆ. ತಿದ್ದಿ ಕಳಿಸುವುದಾಗಿ ಹೇಳಿದೆ.
ಕಳಿಸಲಿಲ್ಲ.
ಅಷ್ಟರಲ್ಲಿ ಸಿದ್ರಾಮಪ್ಪನವರು ಹೊಗಳಿದ್ದರು. ಮೇಲಧಿಕಾರಿಗಳು ಪ್ರಶಂಸಾ ಪತ್ರ ಕೊಟ್ಟಿದ್ದರು...
ತಡವಾದಷ್ಟೂ ಹೇಳುವುದು ಕಷ್ಟವಾಯಿತು.

ತಂಗಿ ಮೆಹರುನ್ನಿಸಾ...
ನನ್ನ ನಿವೃತ್ತಿಯ ಸಮಾರಂಭಕ್ಕೆ ನೀವು ಬಸ್ ಬದಲಿಸಿಕೊಂಡು ಬಂದಿರಿ.
ಮೇಲಧಿಕಾರಿಗಳು ನನಗೆ ಶಾಲು ಹೊದಿಸಿ, ಆ ಪ್ರೋಗ್ರಾಂ ನನ್ನದೆಂದು ಭಾಷಣ ಮಾಡಿದರು.
ನೀವೂ ಚಪ್ಪಾಳೆ ತಟ್ಟಿದಿರಿ.
ಊಟದ ಸಾಲಿನಲ್ಲಿ ಮೆಲ್ಲಗೆ ಅಂದಿರಿ...
"ಇವತ್ತರ ಹೇಳ್ತೀರಿ ಅಂತ ಕುಂತಿದ್ದೆ, ಅಣ್ಣಾರ."
ಸಮಯ ಬರಲಿ ಎಂದೆ.
ಆಮೇಲೆ ನೀವು ಒಮ್ಮೆಯೂ ಕೇಳಲಿಲ್ಲ. ಈದ್‌ಗೆ ಶೀರ್ ಖುರ್ಮಾ ಕಳಿಸುವುದನ್ನೂ ನಿಲ್ಲಿಸಲಿಲ್ಲ.

ಮಿತ್ರರೇ, ಮೊನ್ನೆ ನಮ್ಮ ಈ ವಾಟ್ಸಾಪ್ ಗ್ರೂಪಿನಲ್ಲಿ, ನನ್ನ ಹೆಸರಿದ್ದ ಆ ಹಳೆಯ ಪ್ರಿಂಟಿನ ಫೋಟೋ ಬಂದಾಗ ತಾವೆಲ್ಲ ನನ್ನನ್ನು ಅಭಿನಂದಿಸಿದಿರಿ.
ನಾನು ಕೈಮುಗಿಯುವ ಎಮೋಜಿ ಹಾಕಿದೆ.
ಅದನ್ನು ಮೆಹರುನ್ನಿಸಾ ಅವರೂ ನೋಡಿದ್ದಾರೆ...

ಆದ ಕಾರಣ ತಮ್ಮೆಲ್ಲರಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಪ್ರೋಗ್ರಾಂ ನನ್ನದಲ್ಲ. ಅದರ ಒಂದು ಸಾಲೂ ನನ್ನದಲ್ಲ.
ಸಿದ್ರಾಮಪ್ಪನವರಿಗೆ ಬೆಳಿಗ್ಗೆ ಫೋನಿನಲ್ಲೇ ತಿಳಿಸಿದೆ.
"ಆಕಿ ಇದ್ದಾಗ ಹೇಳ್ಬೇಕಿತ್ತಲ್ರಿ" ಎಂದರು.


ಇಂದು ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಫಜಲಪುರದಲ್ಲಿ ದಫನ್. ನಾನು ಹೊರಟಿದ್ದೇನೆ.
ಅವರ ಮಗಳಿಗೆ ಈ ವಿಷಯ ಗೊತ್ತಿದೆಯೋ ಇಲ್ಲವೋ ತಿಳಿಯದು.
ನಾನೇ ಹೇಳುತ್ತೇನೆ... ಬಂದವರೆಲ್ಲರ ಎದುರಿಗೆ.

ತಂಗಿ, ಅಲ್ಲಾಹನು ನಿಮ್ಮನ್ನು ನೆಮ್ಮದಿಯಾಗಿ ಇಟ್ಟುಕೊಳ್ಳಲಿ.
ಹೋಗಿ ಬರ್ರಿ...