ನನ್ನ ಪಾಲನ್ನೂ ಊದಿದ ಚಾಚಾ

ಅವರ ಬಲಗೈ ಹೆಬ್ಬೆರಳಿನ ಮೇಲೆ ಹುಣಸೆಬೀಜದಷ್ಟು ದೊಡ್ಡದೊಂದು ಗಂಟಿತ್ತು. ಹರೆಯದಿಂದಲೂ ಕ್ಲಾರಿನೆಟ್ಟಿನ ಭಾರ ಹೊತ್ತು ಹೊತ್ತು ಅಲ್ಲಿ ಚರ್ಮ ಕಪ್ಪಗೆ ಕಲ್ಲಾಗಿತ್ತು. ಚಹಾದಂಗಡಿಯಲ್ಲಿ ಕೂತು ಮಾತಾಡುವಾಗ ಆ ಗಂಟನ್ನು ತೋರುಬೆರಳಿನಿಂದ ಸವರುತ್ತಲೇ ಇರುತ್ತಿದ್ದರು.

ಕೌಲ್ ಬಜಾರಿನ ನಮ್ಮ ಮದುವೆ ಬ್ಯಾಂಡಿನಲ್ಲಿ ನಾನು ಟ್ರಂಪೆಟ್ ಊದುತ್ತೇನೆ. ಕ್ಲಾರಿನೆಟ್ ಅವರದಾಗಿತ್ತು. ನಮಗೆಲ್ಲ ಅವರು ಚಾಚಾ. ಮೆರವಣಿಗೆಯಲ್ಲಿ ಹಾಡಿನ ಒಂದು ಸಾಲು ನಾನು ಊದಿದರೆ, ಅದಕ್ಕೆ ಉತ್ತರದ ಸಾಲು ಅವರು ಊದುತ್ತಿದ್ದರು.

ಸಿಹಿಯಾಗಿ ಮಾತಾಡುವ ಮನುಷ್ಯರಲ್ಲ. ಚೆನ್ನಾಗಿ ಊದಿದ ದಿನ ಸುಮ್ಮನಿರುತ್ತಿದ್ದರು, ಕೆಟ್ಟದಾಗಿ ಊದಿದರೆ ವ್ಯಾನ್ ಹತ್ತುವ ಮೊದಲೇ ಬೈಗುಳ. ಆದರೆ ಬೈಯುವುದೆಲ್ಲ ಮುಖದೆದುರಿಗೇ. ಅಲ್ಲಿಲ್ಲದವನ ಬಗ್ಗೆ ಯಾರಾದರೂ ಮಾತು ತೆಗೆದರೆ, "ಅವ ಬರ್ಲಿ ತಡಿ, ಅವನ ಮುಂದ ಹೇಳೀಯಂತ" ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಲಗ್ನದ ಮನೆಗಳಲ್ಲಿ ನಮಗೆ ಕೊನೆಯ ಪಂಕ್ತಿಯಲ್ಲಿ ಊಟ. ನಮ್ಮಲ್ಲಿ ಎಲ್ಲರ ಎಲೆಗೂ ಅನ್ನ ಬೀಳುವವರೆಗೆ ಚಾಚಾ ತುತ್ತು ಮುಟ್ಟುತ್ತಿರಲಿಲ್ಲ. ಬ್ಯಾಂಡಿಗೆ ಹೊಸದಾಗಿ ಸೇರಿದವರಿಗೆ ಅವರ ಪಾಠ ಒಂದೇ: "ಬರೇ ನಿಂದಷ್ಟ ನೀ ಊದಬ್ಯಾಡ. ಬಾಜೂದವನ ಉಸಿರು ಕೇಳ್ಕೋತ ಊದು."

ಕೊರೋನಾದಲ್ಲಿ ನನ್ನ ಎದೆ ಕೆಟ್ಟಿತು. ಆಸ್ಪತ್ರೆಯಿಂದ ಬದುಕಿ ಮನೆಗೆ ಬಂದೆ ನಿಜ, ಆದರೆ ಬಾವಿಕಟ್ಟೆಯವರೆಗೆ ನಡೆದರೂ ಏದುಸಿರು. ಲಗ್ನಗಳು ಮತ್ತೆ ಶುರುವಾದಾಗ, ಬೇರೆ ಕಸುಬು ಗೊತ್ತಿಲ್ಲದ ನಾನು ಬ್ಯಾಂಡಿನ ಕೆಂಪು ಕೋಟು ತೊಟ್ಟು ಹೊರಟೆ.

ಮೊದಲ ಲಗ್ನ ಸಿರುಗುಪ್ಪದಲ್ಲಿ. ಮದುಮಗ ಕುದುರೆ ಏರಿದ, ಡ್ರಮ್ಮು ಶುರುವಾಯಿತು. ನಾನು ಊದಿದೆ. ಅರ್ಧ ಸಾಲಿಗೇ ಉಸಿರು ತೀರಿಹೋಯಿತು. ಕಣ್ಣಿಗೆ ಕತ್ತಲೆ ಕವಿಯಿತು. ಅಷ್ಟರಲ್ಲಿ ಉಳಿದರ್ಧ ಸಾಲು ಪಕ್ಕದಿಂದ ಬಂತು. ಚಾಚಾ ನನ್ನತ್ತ ತಿರುಗಿಯೂ ನೋಡದೆ ನನ್ನ ಸಾಲನ್ನು ಮುಗಿಸಿ, ಅದೇ ಉಸಿರಿನಲ್ಲಿ ಅದಕ್ಕೆ ಉತ್ತರವನ್ನೂ ಊದಿದರು. ಕುಣಿಯುತ್ತಿದ್ದ ಹುಡುಗರು ಕುಣಿಯುತ್ತಲೇ ಇದ್ದರು.

ವಾಪಸು ಬರುವಾಗ ವ್ಯಾನಿನಲ್ಲಿ ಹೇಳಿದೆ: "ಚಾಚಾ, ನಾ ನಾಳಿಂದ ಬರಂಗಿಲ್ಲ."

"ಯಾಕಲೇ?"

"ಕಂಡೀರಲ್ಲ. ಉಸಿರಿಲ್ಲ."

"ಇದ್ದಷ್ಟು ಊದು. ಮುಗೀತು ಅಂದ್ರ ಟ್ರಂಪೆಟ್ ತುಟಿಮ್ಯಾಲಿಂದ ತಗೀಬ್ಯಾಡ, ಹಂಗ ಹಿಡಕೊಂಡು ನಡಿ. ಮುಂದಿಂದು ನಾ ನೋಡ್ಕೋತೀನಿ." ಇಷ್ಟು ಹೇಳಿ, ನನ್ನ ಹೆಗಲಿಗೆ ತಲೆ ಆನಿಸಿ ಗೊರಕೆ ಹೊಡೆಯತೊಡಗಿದರು.

ಹಾಗೆಯೇ ನಡೆಯಿತು. ಬೆಳಿಗ್ಗೆ ತಮ್ಮ ಮನೆಯ ಮಾಳಿಗೆಗೆ ಕರೆಸಿಕೊಂಡು ಒಂದೇ ಸ್ವರವನ್ನು ಎಳೆಯಲು ಹಚ್ಚುತ್ತಿದ್ದರು. ನಾನು ಕೆಮ್ಮಿ ಕೆಮ್ಮಿ ಕೂತರೆ ಚಾಚಿ ಬಿಸಿನೀರು ತಂದಿಡುತ್ತಿದ್ದಳು. ಮಧ್ಯಾಹ್ನ ಲಗ್ನದಲ್ಲಿ ಇಬ್ಬರ ಕೆಲಸ ಅವರೊಬ್ಬರದು. ಸಂಜೆಯ ಹೊತ್ತಿಗೆ ಅವರ ಕೆಳತುಟಿ ಒಳಗಡೆ ಒಡೆದು ರಕ್ತ ಒಸರುತ್ತಿತ್ತು. ಚಹಾ ಕುಡಿಯುವಾಗ ಲೋಟವನ್ನು ಬಾಯಿಯ ಒಂದು ಮೂಲೆಗೆ ಹಿಡಿಯುತ್ತಿದ್ದರು. "ನೋವಾ, ಚಾಚಾ?" ಎಂದರೆ "ಚಾ ಸುಡಾಕತ್ತೈತಿ" ಎನ್ನುತ್ತಿದ್ದರು.

ಕುರುಗೋಡಿನ ಲಗ್ನಕ್ಕೆ ಬ್ಯಾಂಡಿನ ಮಾಲೀಕರೂ ಬಂದರು. ಮೆರವಣಿಗೆಯುದ್ದಕ್ಕೂ ನನ್ನ ಬಗಲಿಗೇ ನಡೆದರು. ಅವರಿಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಊಟಕ್ಕೆ ಕೂತಾಗ ಬಂದು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಚಾಚಾಗೆ ಹೇಳಿದರು: "ಟ್ರಂಪೆಟ್ ಕೇಳಸಾಕತ್ತೇ ಇಲ್ಲ. ಗುಂತಕಲ್‌ದಾಗ ಒಬ್ಬವ ಅದಾನ, ನಾಳಿಂದ ಅವನ್ನ ಕರಸ್ತೀನಿ."

"ಹಂಗಾದ್ರ ಕ್ಲಾರಿನೆಟ್ಟಿಗೂ ಒಬ್ಬನ್ನ ಹುಡುಕ್ರಿ," ಎಂದರು ಚಾಚಾ.

"ನಿಮಗ್ಯಾರು ಏನಂದ್ರು ಈಗ?"

"ಅವನ ಎದಿ ಸುಧಾರಸಾಕ ಹತ್ತೈತಿ. ಪೂರಾ ಸುಧಾರಸೋತನಕ ಅವನ ಪಾಲಿಂದು ನಾನ ಊದ್ತೀನಿ. ಹಾಡು ಕಡಿಮಿ ಬಿತ್ತು ಅಂತ ಲಗ್ನದವರು ಯಾರಾದ್ರು ಅಂದಾರೇನು, ಹೇಳ್ರಿ."

ಮಾಲೀಕರು ಲಗ್ನದವರತ್ತ ಒಮ್ಮೆ ನೋಡಿದರು. "ಈ ಸೀಜನ್ ಮುಗಿಯೋತನಕ ಅಷ್ಟ," ಎಂದು ಹೋದರು. ನಾನು ಅನ್ನ ಕಲಸುತ್ತಲೇ ಕೂತೆ. ಚಾಚಾ ತಮ್ಮ ಎಲೆಯಿಂದ ಕಣ್ಣೆತ್ತದೆ, "ಸಾರು ಆರತೈತಿ, ಉಣ್ಣು" ಎಂದರು.

ಸೀಜನ್ನಿನ ಕೊನೆಯ ಲಗ್ನಗಳಲ್ಲಿ ಒಂದು ಕರೂರಿನಲ್ಲಿತ್ತು. ಗದ್ದೆಗಳ ನಡುವಿನ ರಸ್ತೆಯಲ್ಲಿ ಮೆರವಣಿಗೆ ಸಾಗುತ್ತಿದ್ದಾಗ, ಯಾವತ್ತೂ ಮುರಿಯುತ್ತಿದ್ದ ಜಾಗದಲ್ಲಿ ನನ್ನ ಉಸಿರು ಮುರಿಯಲಿಲ್ಲ. ಮುಂದಕ್ಕೆ ಹೋಯಿತು. ಸಾಲಿನ ತುದಿ ಮುಟ್ಟಿತು. ಪಕ್ಕಕ್ಕೆ ನೋಡಿದರೆ ಚಾಚಾ ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, ಉತ್ತರದ ಸಾಲನ್ನೂ ಮರೆತು ನಡೆಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ವ್ಯಾನಿನ ಹತ್ತಿರ ಬಂದಾಗ ಮಾತ್ರ, "ಇನ್ನರ ನಂದಷ್ಟ ನನಗ ಊದಾಕ ಬಿಡ್ತೀಯಲ್ಲ, ಪುಣ್ಯಾತ್ಮಾ" ಎಂದರು.

ಕಳೆದ ಚಳಿಗಾಲದಲ್ಲಿ ಚಾಚಾ ನಿದ್ದೆಯಲ್ಲೇ ತೀರಿಕೊಂಡರು. ಬ್ಯಾಂಡಿನವರೆಲ್ಲ ವಾದ್ಯಗಳಿಲ್ಲದೆ ಬರಿಗೈಯಲ್ಲಿ ಹೋದೆವು. ಅವರ ಜನಾಜಾ ಹೊತ್ತು ಕಬರಸ್ತಾನದ ಕಡೆಗೆ ನಡೆಯುವಾಗ, ಸಂಪ್ರದಾಯದಂತೆ ಜನ ಬಂದು ಬಂದು ಹೆಗಲು ಬದಲಿಸುತ್ತಿದ್ದರು. ದಾರಿ ಏರು ಹತ್ತುವಲ್ಲಿ ಡ್ರಮ್ಮಿನವನು, ಹೆಗಲು ಕೊಟ್ಟಿದ್ದ ನನ್ನ ಹತ್ತಿರ ಬಂದ.

"ನಿನಗ ದಮ್ಮು ಹತ್ತತೈತಿ. ಇಲ್ಲಿ ಕೊಡು."

"ಹತ್ತಂಗಿಲ್ಲ," ಎಂದೆ. ಏರು ಮುಗಿಯುವವರೆಗೆ ಹೆಗಲು ಬಿಡಲಿಲ್ಲ.