ಮೈಕಿನಲ್ಲಿ ಕರೆದ ಹೆಸರು

ಡಾಗ್ನಿ ನೂರ್‌ಬೆರ್ಗ್‌ಳ ಕಾಲಿನ ಕಸುವಿನ ಬಗ್ಗೆ ನಮ್ಮೂರಿನಲ್ಲಿ ಎರಡು ಮಾತಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಅಂಚೆ ಹಂಚಿದವಳು. ಮೊಣಕಾಲುದ್ದ ಹಿಮ ಬಿದ್ದ ದಿನ ಬಸ್ಸು ನಿಲ್ಲುತ್ತಿತ್ತು, ಶಾಲೆ ಮುಚ್ಚುತ್ತಿತ್ತು. ಡಾಗ್ನಿ ಮಾತ್ರ ಹೆಗಲಿಗೆ ಚೀಲ ಹಾಕಿಕೊಂಡು ಗುಡ್ಡದ ಮೇಲಿನ ಮನೆಗಳನ್ನೂ ಬಿಡದೆ ಹತ್ತಿ ಇಳಿಯುತ್ತಿದ್ದಳು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂತವಳಲ್ಲ. ಸೌದೆ ಸೀಳುವುದು ಅವಳೇ, ಏಣಿ ಹಾಕಿ ಛಾವಣಿಯ ಹಿಮ ಕೆಡಹುವುದೂ ಅವಳೇ. ನಾನು ಅವಳಿಗಿಂತ ಚಿಕ್ಕವಳು. ಆದರೂ ಅವಳ ಜೊತೆ ಪೇಟೆಗೆ ಹೊರಟರೆ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ, "ಸ್ವಲ್ಪ ನಿಲ್ಲೇ ಮಾರಾಯ್ತಿ" ಎನ್ನುತ್ತಿದ್ದೆ.

ಗಂಡ ಎವೆರ್ಟ್ ಬೇರೆಯೇ ಜಾತಿಯ ಮನುಷ್ಯ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಮಾತು ಕಡಿಮೆ, ಬ್ಯಾಂಡಿ ಆಟದ ಹುಚ್ಚು ಜಾಸ್ತಿ. ಫುಟ್‌ಬಾಲ್ ಮೈದಾನದಷ್ಟು ಅಗಲದ ಮಂಜುಗಡ್ಡೆಯ ಮೇಲೆ ಹನ್ನೊಂದು ಹನ್ನೊಂದು ಜನ ಬಾಗಿದ ಕೋಲು ಹಿಡಿದು ಒಂದು ಪುಟ್ಟ ಕೆಂಪು ಚೆಂಡಿನ ಹಿಂದೆ ಜಾರುವುದರಲ್ಲಿ ಏನು ಮಣ್ಣು ಇದೆಯೋ ಎಂದು ಡಾಗ್ನಿ ಮೂಗು ಮುರಿಯುತ್ತಿದ್ದಳು. ಒಂದು ದಿನವೂ ಮೈದಾನಕ್ಕೆ ಬಂದವಳಲ್ಲ. ಆದರೆ ಪ್ರತಿ ಆಟದ ದಿನ ಅವನ ಕಂದು ಚರ್ಮದ ಬ್ಯಾಗಿಗೆ ಕಾಫಿಯ ಫ್ಲಾಸ್ಕು, ರೊಟ್ಟಿ, ಕಾಫಿಗೆ ಬೆರೆಸಲು ಒಂದಿಷ್ಟು ಬ್ರಾಂದಿ ತುಂಬಿ ಕೊಡುವುದನ್ನು ಮರೆಯುತ್ತಿರಲಿಲ್ಲ. ಅಂಥ ಬ್ಯಾಗಿಲ್ಲದೆ ನಮ್ಮ ಕಡೆ ಯಾರೂ ಬ್ಯಾಂಡಿ ನೋಡಲು ಹೋಗುವುದಿಲ್ಲ.

ಇನ್ನೊಂದು ವಿಷಯ ಊರಿಗೆಲ್ಲ ಗೊತ್ತಿತ್ತು. ಎವೆರ್ಟ್ ಫಿನ್ಲೆಂಡಿನಿಂದ ಬಂದ ಯುದ್ಧದ ಮಗು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಬಾಂಬು ಬೀಳುತ್ತಿದ್ದಾಗ ಎಷ್ಟೋ ತಾಯಂದಿರು ಮಕ್ಕಳ ಕೊರಳಿಗೆ ಹೆಸರಿನ ಚೀಟಿ ಕಟ್ಟಿ ಸ್ವೀಡನ್ನಿಗೆ ಕಳಿಸಿದ್ದರಲ್ಲ, ಹಾಗೆ ನಾಲ್ಕು ವರ್ಷದವನಾಗಿ ಬಂದವನು. ಯುದ್ಧ ಮುಗಿದ ಮೇಲೆ ಹೆಚ್ಚಿನ ಮಕ್ಕಳು ಹಿಂದಿರುಗಿದವು. ಇವನು ಸಾಕಿದವರ ಮನೆಯಲ್ಲೇ ಉಳಿದ, ಅವರಿಟ್ಟ ಹೆಸರಿನಲ್ಲೇ ಬೆಳೆದ. "ಮನೆ ಮೇಲೆ ಬಾಂಬು ಬಿತ್ತು, ನನ್ನವರು ಅನ್ನೋರು ಯಾರೂ ಉಳಿದಿಲ್ಲ" ಎಂದು ಮದುವೆಗೆ ಮುಂಚೆ ಒಮ್ಮೆ ಹೇಳಿದ್ದನಂತೆ. ಡಾಗ್ನಿ ಮತ್ತೆ ಆ ಸುದ್ದಿ ಎತ್ತಲಿಲ್ಲ. ಕೆದಕಿ ಕೇಳುವುದು ನಮ್ಮವರ ಅಭ್ಯಾಸವಲ್ಲ. ಇನ್ನೊಬ್ಬರ ನೋವಿಗೆ ಕೈ ಹಾಕದಿರುವುದನ್ನು ನಾವು ಮರ್ಯಾದೆ ಎನ್ನುತ್ತೇವೆ. ನನ್ನನ್ನು ಕೇಳಿದರೆ ಅದು ಶುದ್ಧ ಸೋಮಾರಿತನ.

ಶತಮಾನ ಮುಗಿಯುತ್ತ ಬಂದಿದ್ದ ಒಂದು ಅಕ್ಟೋಬರಿನಲ್ಲಿ ಸೌದೆ ಜೋಡಿಸುತ್ತಿದ್ದ ಎವೆರ್ಟ್ ಅಲ್ಲೇ ಕುಸಿದು ಹೋದ. ಡಾಗ್ನಿ ಮಣ್ಣಿನ ದಿನವೂ ಕಣ್ಣೀರು ಹಾಕಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಳು, ಕಪ್ಪು ತೊಳೆದಳು, ಮಾರನೆಯ ದಿನ ಉಳಿದ ಸೌದೆ ಜೋಡಿಸಿದಳು.

ಆ ಚಳಿಗಾಲ ಬ್ಯಾಂಡಿಯ ವಿಶ್ವ ಚಾಂಪಿಯನ್‌ಷಿಪ್ ನಮ್ಮ ಜಿಲ್ಲೆಗೆ ಬಂತು. ರಷ್ಯದವರು, ನಾರ್ವೆಯವರು, ಕಝಾಕಸ್ತಾನದವರು ಬಂದು ಹೊಟೇಲು, ಶಾಲೆ ಎಲ್ಲ ತುಂಬಿಕೊಂಡರು. ಸ್ವೀಡನ್–ಫಿನ್ಲೆಂಡ್ ಪಂದ್ಯ ಭಾನುವಾರ ಮಧ್ಯಾಹ್ನ, ನಮ್ಮೂರಿನಲ್ಲೇ. ನಮ್ಮ ಮೈದಾನದಲ್ಲಿ ಒಂದು ರೂಢಿಯಿದೆ. ಕಟಕಟೆಯ ಬಳಿ ಒಬ್ಬೊಬ್ಬರಿಗೆ ಒಂದೊಂದು ನಿಲ್ಲುವ ಜಾಗ. ಒಬ್ಬ ಸತ್ತರೆ, ಮುಂದೆ ಬರುವ ದೊಡ್ಡ ಪಂದ್ಯಕ್ಕೆ ಮನೆಯವರೊಬ್ಬರು ಅವನ ಬ್ಯಾಗು ಹಿಡಿದು ಅವನ ಜಾಗದಲ್ಲಿ ನಿಲ್ಲಬೇಕು. ಅಕ್ಕಪಕ್ಕದವರು ತಮ್ಮ ಫ್ಲಾಸ್ಕಿನಿಂದ ಸತ್ತವನ ಕಪ್ಪಿಗೆ ಒಂದೊಂದು ಗುಟುಕು ಬಗ್ಗಿಸುತ್ತಾರೆ. ಹೀಗಾಗಿ ಡಾಗ್ನಿ ಮೊದಲ ಸಲ ಬ್ಯಾಂಡಿಗೆ ಬಂದಳು. ನನ್ನ ಸಾಸೇಜು–ಕಾಫಿ ಅಂಗಡಿ ಆ ಕಟಕಟೆಯ ಬೆನ್ನಿಗೇ ಇರುವುದರಿಂದ ಎಲ್ಲ ನನ್ನ ಕಣ್ಣೆದುರೇ ನಡೆಯಿತು.

ಅವಳು ಬರುವಷ್ಟರಲ್ಲಿ ಮೊದಲರ್ಧ ಮುಗಿಯುತ್ತ ಬಂದಿತ್ತು. ಎವೆರ್ಟನ ಪಕ್ಕದಲ್ಲಿ ಯಾವಾಗಲೂ ನಿಲ್ಲುತ್ತಿದ್ದ ಸೂನೆ ಅವಳಿಗೆ ಜಾಗ ಬಿಟ್ಟು, ಕಪ್ಪಿಗೆ ಕಾಫಿ ಬಗ್ಗಿಸಿದ.

"ಬಂದ್ಯಾ ಡಾಗ್ನಿ. ಬಾ ಬಾ. ಆದ್ರೂ ತಮಾಷೆ ನೋಡು, ಬಂದಿದ್ದು ಬಂದೆ, ಫಿನ್ಲೆಂಡ್ ಮ್ಯಾಚಿಗೇ ಬಂದಿದ್ದೀಯ. ಅವನಿದ್ದಾಗ ಒಂದಕ್ಕೂ ಕಳಿಸ್ಲಿಲ್ಲ."

"ಯಾರು ಕಳಿಸ್ಲಿಲ್ಲ?"

"ನೀನೇ. ಎಲ್ಲೇ ಫಿನ್ಲೆಂಡ್ ಆಡಿದ್ರೂ ನಾವೆಲ್ಲ ಕಾರು ಮಾಡ್ಕೊಂಡು ಹೋಗೋದು. ಇವನು ಮಾತ್ರ, ಡಾಗ್ನಿ ಬೇಡ ಅಂತಾಳೆ ಕಣ್ರೋ ಅಂತಿದ್ದ. ಯುದ್ಧ ಗಿದ್ಧ ಎಲ್ಲ ನೆನಪಾಗತ್ತೆ ಅಂತ ತಡೀತೀಯೇನೋ ಅಂದ್ಕೊಂಡು ನಾವೂ ಬಲವಂತ ಮಾಡ್ಲಿಲ್ಲ."

ಡಾಗ್ನಿ ಕಪ್ಪನ್ನು ಕಟಕಟೆಯ ಮೇಲಿಟ್ಟಳು. "ಸೂನೆ, ವರ್ಷಾ ವರ್ಷಾ ಫಿನ್ಲೆಂಡ್ ಮ್ಯಾಚಿಗೆ ರೊಟ್ಟಿ ಕಟ್ಟಿ ಕೊಟ್ಟವಳು ನಾನು. ನಿಮ್ಮ ಕಾರಲ್ಲೇ ಹೋಗ್ತೀನಿ ಅಂತ ಹೇಳಿ ಹೋಗ್ತಿದ್ದ. ರಾತ್ರಿ ಬಂದು ಯಾರು ಗೋಲು ಹೊಡೆದ್ರು ಅಂತ್ಲೂ ಹೇಳ್ತಿದ್ದ."

ಸೂನೆ ಮೈದಾನದ ಕಡೆ ತಿರುಗಿ, ಚೆಂಡನ್ನೇ ನೋಡತೊಡಗಿದ. ಇಪ್ಪತ್ತು ವರ್ಷ ಅಕ್ಕಪಕ್ಕ ನಿಂತ ಗಂಡಸರಲ್ಲಿ ಒಬ್ಬನಾದರೂ ಬೀದಿಯಲ್ಲಿ ಸಿಕ್ಕಾಗ "ಯಾಕಮ್ಮ ತಡೀತೀಯ" ಎಂದು ಅವಳನ್ನು ಒಂದು ಮಾತು ಕೇಳಿದ್ದರೆ ಈ ಬುರುಡೆ ಆವತ್ತೇ ಒಡೆಯುತ್ತಿತ್ತು.

ಡಾಗ್ನಿ ನೆಟ್ಟಗೆ ನನ್ನ ಅಂಗಡಿಗೆ ಬಂದಳು.

"ಬ್ರಿತ್ತ, ಯಾರವಳು? ಗೊತ್ತಿದ್ರೆ ಈಗಲೇ ಬೊಗಳಿಬಿಡು."

"ನಂಗೇನೇ ಗೊತ್ತು? ಎವೆರ್ಟ್ ಅಂಥವನಲ್ಲ ಕಣೇ."

"ಎಂಥವನು ಅಂತ ನಿಂಗೊತ್ತಾ? ಮೂವತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದ ನಂಗೇ ಗೊತ್ತಿಲ್ಲ."

ನಾನು ಸಾಸೇಜು ತಿರುವುತ್ತ ನಿಂತೆ. ಅಷ್ಟರಲ್ಲಿ ಮೊದಲರ್ಧ ಮುಗಿದ ಸೀಟಿ ಕೇಳಿಸಿತು, ಗಿರಾಕಿಗಳು ಮುತ್ತಿಕೊಂಡರು, ಮೈಕು ಗೊರಗೊರ ಎಂದಿತು.

"ದಯವಿಟ್ಟು ಗಮನಿಸಿ. ತೌನೊ ರೌಹಲ ಅವರು ಎಲ್ಲಿದ್ದರೂ ದಕ್ಷಿಣದ ಗೋಲಿನ ಹಿಂದೆ ಬರಬೇಕು. ಫಿನ್ಲೆಂಡಿನಿಂದ ಬಂದ ನಿಮ್ಮ ತಂಗಿ ಕಾಯುತ್ತಿದ್ದಾರೆ."

ಹಾಗೆ ಕೂಗಿಸಲು ಹೇಳಿದವಳು ನಾನೇ. ಆಟದ ನಡುವೆ ನೀಲಿ–ಬಿಳಿ ಶಾಲಿನ ಹೆಂಗಸೊಬ್ಬಳು ಬಂದು, "ತೌನೊ ರೌಹಲ ಕಂಡ್ರಾ? ಇದೇ ಊರಿನವನು" ಎಂದು ಒರಟೊರಟು ಸ್ವೀಡಿಶ್‌ನಲ್ಲಿ ಕೇಳಿದ್ದಳು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಬೇಕಿದ್ದರೆ ಮೈಕಿನವನನ್ನು ಕೇಳಮ್ಮ ಎಂದು ಸಾಗಹಾಕಿದ್ದೆ.

ಡಾಗ್ನಿಯ ಕೈಯಿಂದ ಬ್ಯಾಗು ಕೆಳಗೆ ಬಿತ್ತು. "ಅದು ಎವೆರ್ಟನ ಹೆಸರು," ಎಂದಳು. "ಮದುವೆ ದಿನ ಪಾದ್ರಿ ಒಂದ್ಸಲ ಓದಿದ್ರು. ಆಮೇಲೆ ಯಾರ ಬಾಯಲ್ಲೂ ಕೇಳಿಲ್ಲ."

ಬಾಂಬಿಗೆ ಸತ್ತ ತಂಗಿ ಮೈಕಿನಲ್ಲಿ ಅಣ್ಣನನ್ನು ಕರೆಯುತ್ತಿದ್ದಳು. ಅಣ್ಣನನ್ನು ನಾವು ಅಕ್ಟೋಬರಿನಲ್ಲೇ ಮಣ್ಣು ಮಾಡಿದ್ದೆವು. ಅಂಗಡಿಯನ್ನು ಇದ್ದ ಹಾಗೇ ಬಿಟ್ಟು ಡಾಗ್ನಿಯ ಹಿಂದೆ ಓಡಿದೆ. ಸರದಿಯಲ್ಲಿದ್ದವರು ಬೈದರು, ಬೈಯಲಿ.

ಗೋಲಿನ ಹಿಂದೆ ಅದೇ ಶಾಲಿನ ಹೆಂಗಸು ಕಾಲ್ಬೆರಳ ತುದಿಯಲ್ಲಿ ನಿಂತು ಜನರ ನಡುವೆ ಹುಡುಕುತ್ತಿದ್ದಳು. ಎದುರು ಹೋಗಿ ನಿಂತ ಡಾಗ್ನಿ, "ತೌನೊನ ತಂಗಿ ನೀವೇನಾ?" ಎಂದಳು.

"ಹೌದು, ಹಿಲ್ಕಾ. ಅವನು ಎಲ್ಲಿ? ನೀವು?"

"ನಾನವನ ಹೆಂಡ್ತಿ."

ಹಿಲ್ಕಾಳ ನಗು ಹಾಗೇ ನಿಂತುಹೋಯಿತು. ಡಾಗ್ನಿಯನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಡಾಗ್ನಿ ಅತ್ತಿಗೆ ತೀರ್ಕೊಂಡ್ರಾ?" ಎಂದು ಕೇಳಿದಳು.

"ನಾನೇ ಡಾಗ್ನಿ."

"ಅಲ್ಲ. ಡಾಗ್ನಿ ಅತ್ತಿಗೆ ಹಾಸಿಗೆ ಹಿಡಿದು ಎಷ್ಟೋ ವರ್ಷ ಆಯ್ತು. ಯಾರಾದ್ರೂ ಹಿಡ್ಕೊಳ್ಳದೆ ಎದ್ದು ಕೂರೋಕೂ ಆಗಲ್ಲ, ಅಣ್ಣನೇ ತುತ್ತಿಡ್ಬೇಕು. ಮನೆಗೆ ಕಾಗದ ಹಾಕ್ಬೇಡ, ಅವಳಿಗೆ ಗಾಬರಿಯಾಗತ್ತೆ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ದ. ವರ್ಷಕ್ಕೊಂದ್ಸಲ ಬ್ಯಾಂಡಿ ಮ್ಯಾಚಲ್ಲೇ, ನಮ್ಮ ದೇಶದೋರು ನಿಲ್ಲೋ ಕಡೆ, ನಮ್ಮ ಭೇಟಿ."

ಊರಿನ ಕಾಗದವೆಲ್ಲ ಡಾಗ್ನಿಯ ಕೈ ಹಾದೇ ಹೋಗುತ್ತಿತ್ತು. ಆ ಮನುಷ್ಯ ಎಲ್ಲವನ್ನೂ ಲೆಕ್ಕ ಹಾಕಿಯೇ ಮಾಡಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಗುಡ್ಡ ಹತ್ತಿ ಇಳಿಯುತ್ತಿದ್ದ ಹೆಂಗಸನ್ನು ಅಷ್ಟು ವರ್ಷ ಮಂಚಕ್ಕೆ ಅಂಟಿಸಿ ಇಟ್ಟಿದ್ದನಲ್ಲ, ಸತ್ತವನು ಎದುರಿಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ.

ಡಾಗ್ನಿ ಮಾತ್ರ ಸುತ್ತಿ ಬಳಸಲಿಲ್ಲ. "ಹಿಲ್ಕಾ, ಅವನು ಹೋಗ್ಬಿಟ್ಟ. ಅಕ್ಟೋಬರಲ್ಲಿ. ಎದೆ ನಿಂತೋಯ್ತು."

ಹಿಲ್ಕಾ ಎರಡು ಸಲ ತಲೆಯಾಡಿಸಿದಳು, ಬೇಡ ಎನ್ನುವ ಹಾಗೆ. ಆಮೇಲೆ ಅವಳ ಬಾಯಿಂದ ಬಂದದ್ದು ಒಂದೇ ಮಾತು. "ಅಮ್ಮ ಬಸ್ಸಲ್ಲಿ ಕೂತಿದಾಳೆ."

"ಯಾರಮ್ಮ?"

"ನಮ್ಮಮ್ಮ. ಲೆಂಪಿ. ಎಂಬತ್ತಾಗ್ತಾ ಬಂತು. ಈ ಸಲ ಹಡಗಲ್ಲಿ ನನ್ ಜೊತೆ ಹಟ ಮಾಡಿ ಬಂದಿದಾಳೆ. ಅವನಿಗೆ ಹೇಳಿರ್ಲಿಲ್ಲ, ಹೇಳಿದ್ರೆ ಬರ್ತಿರ್ಲಿಲ್ಲ." ಹಿಲ್ಕಾ ಶಾಲಿನಿಂದ ಮೂಗೊರೆಸಿಕೊಂಡಳು. "ಯುದ್ಧ ಮುಗಿದ್ಮೇಲೆ ಮನೇಲಿ ಊಟಕ್ಕಿರ್ಲಿಲ್ಲ. ಸಾಕಿದೋರು ಮಗುನ ನಮಗೇ ಕೊಡಿ ಅಂದಾಗ ಅಮ್ಮ ಹೂಂ ಅಂದ್ಲು. ಅದೊಂದನ್ನ ಅವನು ಕ್ಷಮಿಸ್ಲೇ ಇಲ್ಲ. ನಮ್ಮ ಭಾಷೆನೂ ಅವನಿಗೆ ಮರೆತೋಗಿತ್ತು. ಅವಳ ಎದುರು ಕೂತು ಏನ್ ಮಾತಾಡ್ಲಿ ಅಂತಿದ್ದ. ಅವನ ಈ ಸಿಟ್ಟು ಅಮ್ಮನಿಗೆ ಗೊತ್ತೇ ಇಲ್ಲ."

"ಮತ್ತೆ ಬರ್ದೇ ಇರೋದಕ್ಕೆ ಏನಂದ್ಕೊಂಡಿದಾರೆ?"

"ನಿಮ್ಮಿಂದ ಅಂತ. ಊರೋರು ಯಾರಾದ್ರೂ, ಕಳಿಸ್ಕೊಟ್ಟ ಮಗ ತಿರುಗಿ ನೋಡಿದ್ನಾ ಅಂತ ಚುಚ್ಚಿದ್ರೆ ಹೇಳ್ತಾಳೆ, ಹಾಸಿಗೆ ಹಿಡಿದ ಹೆಂಡ್ತಿನ ಬಿಟ್ಟು ಹ್ಯಾಗೆ ಬರ್ತಾನೆ, ನನ್ ಮಗ ಬಂಗಾರ ಅಂತ. ಅದನ್ನ ನಂಬ್ಕೊಂಡೇ ಬದುಕಿದಾಳೆ." ಹಿಲ್ಕಾ ಡಾಗ್ನಿಯ ತೋಳು ಹಿಡಿದುಕೊಂಡಳು. "ನೀವು ಬರ್ಬೇಡಿ ಅತ್ತಿಗೆ. ದಮ್ಮಯ್ಯ. ನೀವು ನಡ್ಕೊಂಡು ಬರೋದು ನೋಡಿದ್ರೆ ಅವಳಿಗೆ ಎಲ್ಲ ಗೊತ್ತಾಗ್ಬಿಡತ್ತೆ. ಮಗ ಸತ್ತಿದ್ದು ನಾನ್ ಹೇಳ್ತೀನಿ."

ಡಾಗ್ನಿ ಆ ಕೈಯನ್ನು ಕೊಡವಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನನ್ನೆದುರು ನಿಮ್ಮನ್ನೆಲ್ಲ ಸಾಯಿಸಿದ. ನಿಮ್ಮೆದುರು ನನ್ನ ಕಾಲು ಮುರಿದ. ಈಗ ನಾನು ಅಡಗಿ ಕೂತ್ಕೋಬೇಕಾ? ನನ್ ಗಂಡನ ಸಾವು ನಾನೇ ಹೇಳ್ತೀನಿ. ಎಲ್ಲಾನೂ ಹೇಳ್ತೀನಿ. ಎಲ್ಲಿದೆ ಬಸ್ಸು?"

ಹೇಳಿದ್ದೇ ತಡ, ಹಿಂಬದಿಯ ಗೇಟಿನ ಕಡೆ ದಾಪುಗಾಲು ಹಾಕಿದಳು. ನಾವಿಬ್ಬರೂ ಹಿಮದಲ್ಲಿ ಮುಗ್ಗರಿಸುತ್ತ ಹಿಂದೆ ಬಿದ್ದೆವು. ಒಳಗೆ ಎರಡನೆಯ ಅರ್ಧ ಶುರುವಾಗಿ ಜನ ಕೂಗುತ್ತಿದ್ದರು. ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದರ ಇಂಜಿನ್ ಮಾತ್ರ ಬೆಚ್ಚಗಿರಲೆಂದು ಗುರುಗುಡುತ್ತಿತ್ತು. ನಾವು ಅದರ ಹಿಂಬದಿಯಿಂದ ಬಂದೆವು. ಡಾಗ್ನಿ ಮೂಲೆ ತಿರುಗಿದವಳು ತಟ್ಟನೆ ನಿಂತುಬಿಟ್ಟಳು.

ಮುಂದಿನ ಕಿಟಕಿಯ ಗಾಜಿಗೆ ಕಟ್ಟಿದ ಮಂಜನ್ನು ಒಳಗಿನಿಂದ ಒಂದು ಮುದಿ ಕೈ ಒರೆಸುತ್ತಿತ್ತು. ಒರೆಸಿದಷ್ಟು ಜಾಗ ಮತ್ತೆ ಮಸುಕಾಗುತ್ತಿತ್ತು, ಮತ್ತೆ ಒರೆಸುತ್ತಿತ್ತು. ಅಷ್ಟಗಲದಲ್ಲಿ ಒಂದು ಮುಖ ಮುಂದಿನ ದೊಡ್ಡ ಗೇಟಿನತ್ತಲೇ ನೋಡುತ್ತಿತ್ತು. ಆ ಅಗಲ ಹಣೆ, ಆ ದಪ್ಪ ಹುಬ್ಬು. ಎವೆರ್ಟನೇ ಮುದುಕನಾಗಿ ಕೂತ ಹಾಗಿತ್ತು.

ಡಾಗ್ನಿ ಎಷ್ಟು ಹೊತ್ತು ನೋಡುತ್ತ ನಿಂತಳೋ. ಉಸಿರಿನ ಹಬೆ ಮಾತ್ರ ಬಂದು ಹೋಗುತ್ತಿತ್ತು. ನಾನು ಹತ್ತಿರ ಹೋಗಿ, "ಬಿಡೇ, ವಾಪಸ್ ಹೋಗೋಣ" ಎಂದೆ.

"ಭುಜ ಕೊಡು," ಎಂದಳು.

"ಏನು?"

"ಭುಜ ಕೊಡೇ ಅಂದ್ರೆ. ಹಿಲ್ಕಾ, ನೀನು ಆ ಕಡೆ ಹಿಡ್ಕೋ. ಗಟ್ಟಿಯಾಗಿ."

ನಾವು ಹಿಡಿದೆವು. ಅವಳು ತನ್ನ ಇಡೀ ಭಾರವನ್ನು ನಮ್ಮ ಮೇಲೆ ಬಿಟ್ಟಳು. ಕಾಲು ಎಳೆದಳು. ಕಿಟಕಿಯ ಮುಂದಿನಿಂದ ಬಾಗಿಲವರೆಗೆ ಹೋಗಲು ನಮಗೆ ಯುಗ ಹಿಡಿದಂತಾಯಿತು. ಬಸ್ಸಿನ ಮೆಟ್ಟಿಲಲ್ಲಿ ಅವಳ ಬೂಟನ್ನು ನಾನೇ ಕೈಯಲ್ಲಿ ಎತ್ತಿ ಇಡಬೇಕಾಯಿತು. ಅದು ನಾಟಕ ಎಂದು ಗೊತ್ತಿದ್ದೂ ಬಿದ್ದಾಳೆಂದು ಅವಳ ಸೊಂಟ ಗಟ್ಟಿಯಾಗಿ ಹಿಡಿದೆ.

ಲೆಂಪಿ ಎದ್ದು ನಿಂತಿದ್ದಳು. ನಮ್ಮ ಹಿಂದೆ ಇನ್ನೊಬ್ಬರು ಹತ್ತಿ ಬರುತ್ತಾರೇನೋ ಎಂದು ಬಾಗಿಲನ್ನೇ ನೋಡಿದಳು. ಯಾರೂ ಬರಲಿಲ್ಲ. ಡಾಗ್ನಿಯನ್ನು ಎದುರು ಸೀಟಿನಲ್ಲಿ ಕೂರಿಸಿದೆವು, ಮುದುಕಿಯೂ ಕೂತಳು. ಅವಳು ಮುದುಕಿಯ ಎರಡೂ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದಳು, ಹಿಲ್ಕಾ ಒಂದೊಂದೇ ಮಾತನ್ನು ಅವರ ಭಾಷೆಗೆ ತಿರುಗಿಸಿದಳು.

"ಅಮ್ಮ, ನಾನು ಡಾಗ್ನಿ. ನಿಮ್ಮ ಮಗ ಅಕ್ಟೋಬರಲ್ಲಿ ಹೋಗ್ಬಿಟ್ರು. ಕೊನೇ ದಿನದವರೆಗೂ ನನ್ನ ಬಿಟ್ಟು ಅಲ್ಲಾಡ್ಲಿಲ್ಲ. ಬರ್ಬೇಕು ಅಂತಿದ್ರು. ನನ್ನಿಂದಾಗಿ ಬರೋಕಾಗ್ಲಿಲ್ಲ."

ಮುದುಕಿ ಅಳಲಿಲ್ಲ. ತನ್ನ ಪಕ್ಕದಲ್ಲಿದ್ದ ಕಂಬಳಿ ತೆಗೆದು ಡಾಗ್ನಿಯ ಕಾಲಿಗೆ ಹೊದಿಸಿದಳು. ಅಂಚನ್ನು ತೊಡೆಯ ಕೆಳಗೆ ತುರುಕಿದಳು, ಪುಟ್ಟ ಮಗುವಿಗೆ ಮಾಡುವ ಹಾಗೆ. ಏನೋ ಕೇಳಿದಳು.

ಹಿಲ್ಕಾ ಶಾಲನ್ನು ಮುಖಕ್ಕೆ ಒತ್ತಿಕೊಂಡಳು. ಮುದುಕಿ ಮತ್ತೆ ಕೇಳಿದಳು.

"ಅಮ್ಮ ಕೇಳ್ತಿದಾಳೆ," ಎಂದಳು ಹಿಲ್ಕಾ. "ಅಯ್ಯೋ ಮಗಳೇ, ಇನ್ಮೇಲೆ ನಿನ್ನ ನೋಡ್ಕೊಳ್ಳೋರು ಯಾರು ಅಂತ."

ಡಾಗ್ನಿ ಮುದುಕಿಯ ಮಡಿಲಿಗೆ ತಲೆ ಹಾಕಿ, ಅಕ್ಟೋಬರಿನಿಂದ ಅಳದೇ ಉಳಿದದ್ದನ್ನೆಲ್ಲ ಅತ್ತಳು. ಅದರಲ್ಲಿ ನಾಟಕವಿರಲಿಲ್ಲ.