ಕುಂಕುಮದ ಕೆಳಗಿನ ಬಿರುಕು

ಕೊರೊನಾ ಮುಗಿದ ಮರುವರ್ಷದ ಮಾತು. ಆ ಹೊತ್ತಿಗೆ ಸುರಪುರದಲ್ಲಿ ನನ್ನ ವೆಲ್ಡಿಂಗ್ ಅಂಗಡಿಗೆ ಇಪ್ಪತ್ತು ವರ್ಷ ದಾಟಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟು ಈ ಕೆಲಸ ಹಿಡಿದವನು ನಾನು. ಟ್ರ್ಯಾಲಿ, ನೇಗಿಲು, ಆಟೊದ ಚೌಕಟ್ಟು ಬೆಸೆಯುವುದು ದಿನದ ಕೆಲಸ. ಆದರೆ ನನಗೆ ಹೆಸರು ಬಂದದ್ದು ಬಿರುಕು ಹುಡುಕುವುದರಿಂದ. ಅನುಮಾನವಿದ್ದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತೇನೆ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮೇಲೆದ್ದು ಪುಡಿಯನ್ನು ತೋಯಿಸುತ್ತದೆ, ಬಿಳಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಮುರಿದ ತುಂಡು ತಂದವರು ಕೇಳುವುದೂ ಒಂದೇ: ಇದು ಹಳೆಯ ಬಿರುಕೋ, ಹೊಸದೋ? ಹಳೆಯದಾದರೆ ಒಳಗೆ ಮಸಿ, ಕೊಳೆ ಸೇರಿರುತ್ತದೆ. ಹೊಸದಾದರೆ ಹೊಳೆಯುತ್ತದೆ. ನನ್ನ ಮಾತಿನ ಮೇಲೆ ಎಷ್ಟೋ ಜಗಳ ಮುಗಿದಿವೆ.

ನನ್ನ ತಮ್ಮ ಮಾನಪ್ಪ ಸುರಪುರದಿಂದ ದೇವಾಪುರಕ್ಕೆ ಆಟೊ ಓಡಿಸುತ್ತಿದ್ದ. ದೇವಾಪುರದಲ್ಲಿರುವ ನಮ್ಮ ಹೊಲದ ಶೇಂಗಾವನ್ನು ಆ ವರ್ಷ ಕಾಡುಹಂದಿಗಳು ಬುಡಸಮೇತ ಕೆದರಿ ತಿಂದಿದ್ದವು. ಹಂದಿ ಹೊಡೆಯಲು ಅನುಮತಿ ಬೇಕೆಂದು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟ. ಉತ್ತರ ಬರುವ ಮೊದಲೇ ಶಹಾಪುರದ ಒಬ್ಬ ವ್ಯಾಯಾಮ ಶಿಕ್ಷಕರಿಂದ ಹಳೆಯ ಕಾಂಪೌಂಡ್ ಬಿಲ್ಲೊಂದನ್ನು ಕೊಂಡು ತಂದ. ಅವರು ಶರಣಪ್ಪ ಮಾಸ್ತರು. ಹಿಂದೆ ಸ್ಪರ್ಧೆಗಳಲ್ಲಿ ಬಿಲ್ಲು ಹಿಡಿದವರು, ಭುಜದ ನೋವಿನಿಂದ ಬಿಟ್ಟವರು.

ನಮ್ಮ ಅಪ್ಪ ಬಿದಿರಿನ ಬಿಲ್ಲು ಹಿಡಿದು ಮೊಲದ ಬೇಟೆಗೆ ಹೋಗುತ್ತಿದ್ದ ಕಾಲವನ್ನು ನಾವಿಬ್ಬರೂ ಕಂಡಿದ್ದೇವೆ. ಇದು ಬೇರೆಯೇ ಜಾತಿಯದು. ನಡುವೆ ಲೋಹದ ಹಿಡಿ, ಮೇಲೆ ಕೆಳಗೆ ಗಾಜಿನ ನಾರಿನಿಂದ ಮಾಡಿದ ಎರಡು ತೋಳು. ಅವಕ್ಕೆ ಲಿಂಬ್ ಎನ್ನುತ್ತಾರೆ. ಅವುಗಳ ತುದಿಗೆ ಕ್ಯಾಮ್ ಎಂಬ ಓರೆ ಗಾಲಿಗಳು, ಗಾಲಿಗಳ ನಡುವೆ ಹುರಿ, ಕೇಬಲ್. ಎಳೆಯುವಾಗ ಮೊದಲು ಭಾರ. ಪೂರ್ತಿ ಎಳೆದ ಮೇಲೆ ಗಾಲಿ ತಿರುಗಿ ಭಾರದ ಮುಕ್ಕಾಲು ಪಾಲು ಇಳಿದುಬಿಡುತ್ತದೆ, ಆರಾಮಾಗಿ ಗುರಿ ಹಿಡಿದು ನಿಲ್ಲಬಹುದು.

“ಬಿಲ್ಲಿಗೆ ಗಾಲಿ ಯಾಕೋ? ಹಂದಿ ಓಡಿದ್ರ ಹಿಂದ ಹತ್ತಿ ಹೋಗಾಕೇನು?” ಎಂದೆ.

“ನೀ ಬೆಸುಗಿ ಹಾಕಿದ ಗಾಲಿ ಅಲ್ಲಲ್ಲ, ಬೀಳಂಗಿಲ್ಲ ಬಿಡು,” ಎಂದ ಮಾನಪ್ಪ.

ಅದನ್ನು ಅವನ ಮೈಗೆ ಹೊಂದಿಸುವ ಕೆಲಸ ನನಗೆ ಬಂತು. ಅವನನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿಸಿ ಟೇಪು ಹಿಡಿದೆ. ಎಪ್ಪತ್ತು ಇಂಚು. ಅದನ್ನು ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತೆಂಟು, ಅವನು ಎಳೆಯಬೇಕಾದ ಉದ್ದ. ಮಾಸ್ತರು ಫೋನಿನಲ್ಲಿ ಹೇಳಿದಂತೆ ಗಾಲಿಯ ಮೇಲಿನ ತುಂಡನ್ನು ಆ ಅಳತೆಗೆ ಕೂರಿಸಿದೆ. ಲಿಂಬಿನ ಬೋಲ್ಟುಗಳನ್ನು ಮೇಲೆ ಎಷ್ಟು ಸುತ್ತೋ ಕೆಳಗೂ ಅಷ್ಟೇ ಸುತ್ತು ಸಡಿಲಿಸಿ ಭಾರ ಇಳಿಸಿದೆ. ಮರದ ಚೌಕಟ್ಟಿಗೆ ಹಳೆಯ ಪತ್ರಿಕೆ ಅಂಟಿಸಿ, ಅದರೊಳಗಿಂದ ಬಾಣ ಹಾಯಿಸಿ, ಕಾಗದ ಎತ್ತ ಹರಿಯುತ್ತದೆಂದು ನೋಡಿ, ಬಾಣ ಕೂರುವ ಜಾಗವನ್ನು ಸರಿಮಾಡಿದೆ. ನಾಲ್ಕನೆಯ ಹಾಳೆಯಲ್ಲಿ ದುಂಡಗಿನ ತೂತು ಬಿತ್ತು. ಅಷ್ಟು ಚೊಕ್ಕ ಕೆಲಸವನ್ನು ನಾನು ಆ ವರ್ಷ ಬೇರೆ ಮಾಡಿರಲಿಲ್ಲ.

ಮಾನಪ್ಪ ಮಾತ್ರ ಒಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದ. “ಅಣ್ಣಾ, ಬಾಣ ಹೂಡದ ಖಾಲಿ ಎಳದು ಬಿಡಬ್ಯಾಡ. ಇದು ಅಪ್ಪನ ಬಿಲ್ಲಲ್ಲ.” ಬಾಣವಿದ್ದರೆ ಹುರಿಯ ಶಕ್ತಿ ಬಾಣದ ಜೊತೆ ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ತಿರುಗಿ ಲಿಂಬಿಗೇ ಬಡಿಯುತ್ತದೆ. ನನಗೆ ತಿಳಿಯದ ಸಂಗತಿಯೇನಲ್ಲ.

ಮಹಾನವಮಿಯ ಬೆಳಿಗ್ಗೆ ಅಂಗಡಿ ತೊಳೆದು, ವೆಲ್ಡಿಂಗ್ ಸೆಟ್ಟು, ಗ್ರೈಂಡರು, ಸುತ್ತಿಗೆಗಳನ್ನೆಲ್ಲ ಪೂಜೆಗೆ ಇಟ್ಟೆ. ಬಿಲ್ಲನ್ನೂ ಅವುಗಳ ಸಾಲಿಗೆ ಇಟ್ಟೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆಯುಧಕ್ಕೆ ಕುಂಕುಮ ಹಚ್ಚುವ ಮೊದಲು ಮನೆಯ ಹಿರಿಯ ಬಿಲ್ಲನ್ನು ಎಳೆದು ಖಾಲಿ ಬಿಡಬೇಕು, ಹುರಿ ಮಿಡಿದ ಸದ್ದು ಬಾಗಿಲ ಆಚೆ ಕೇಳಬೇಕು. ಅಪ್ಪ ಮಾಡುತ್ತಿದ್ದ. ಅಪ್ಪ ಹೋದ ಮೇಲೆ ಮನೆಯಲ್ಲಿ ಬಿಲ್ಲೇ ಇರಲಿಲ್ಲ. ಮಾನಪ್ಪ ತೆಂಗಿನಕಾಯಿ ತರಲು ಹೋಗಿದ್ದ. ಅಕ್ಕಪಕ್ಕದ ಅಂಗಡಿಯವರು ಬಾಗಿಲಲ್ಲಿ ನಿಂತಿದ್ದರು. ಹಿರಿಯನಾಗಿ ಒಮ್ಮೆ ಆ ಸದ್ದು ಕೇಳಿಸಬೇಕು ಅನ್ನಿಸಿತು. ಒಂದೇ ಸಲ, ಅದೂ ಅರ್ಧ ಎಳೆದರೆ ಏನಾದೀತು ಅಂದುಕೊಂಡೆ.

ಎಳೆದೆ. ಅರ್ಧಕ್ಕೆ ನಿಲ್ಲಿಸಲಾಗಲಿಲ್ಲ, ಗಾಲಿ ತಿರುಗಿ ಕೈಯನ್ನು ಹಿಂದಕ್ಕೆ ಒಯ್ದಿತು. ಬಿಟ್ಟೆ. ಮಿಡಿದ ಸದ್ದಲ್ಲ, ಹಲಗೆಗೆ ಹಲಗೆ ಬಡಿದ ಸದ್ದು. ನಿಂತವರು ಭೇಷ್ ಎಂದರು. ನಾನು ಮೇಲಿನ ಲಿಂಬನ್ನು ಬೆಳಕಿಗೆ ಹಿಡಿದೆ. ಗಾಲಿಯ ಬುಡದಲ್ಲಿ ಕೂದಲೆಳೆಯಂಥ ಗೆರೆ. ಸೀಮೆಎಣ್ಣೆ ಬೇಕಾಗಲಿಲ್ಲ.

ಬೇರೆಯವರ ಟ್ರ್ಯಾಲಿಯಲ್ಲಿ ಅಂಥ ಗೆರೆ ಕಂಡಿದ್ದರೆ ಅದನ್ನು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಮಾನಪ್ಪನ ಆಟೊ ಬಂದು ನಿಂತಿತು. ಅವನು ಇಳಿಯುವುದರೊಳಗೆ ನಾನು ಕುಂಕುಮಕ್ಕೆ ನೀರು ಹಾಕಿ ಕಲೆಸಿ, ಆ ಗೆರೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಳಿದೆ. ಗೊತ್ತಾಗದಿರಲೆಂದು ಕೆಳಗಿನ ಲಿಂಬಿಗೂ ಬಳಿದೆ. ಹಬ್ಬ ಕಳೆಯಲಿ, ಏನಾದರೂ ನೆಪ ಹೇಳಿ ಲಿಂಬು ಬದಲಿಸೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಎಷ್ಟೋ ಸಲ ಎಚ್ಚರಿಸಿದ ತಮ್ಮನ ಮುಂದೆ, ಅಷ್ಟು ಜನರೆದುರು, ತಪ್ಪಾಯಿತೆನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಬೇರೆ ಕಾರಣವಿಲ್ಲ.

ಮರುದಿನ ಹೊಲದಲ್ಲಿ ಹುಲ್ಲಿನ ಪೆಂಡಿಗೆ ಗುರಿಯಿಟ್ಟು ಮಾನಪ್ಪ ಬಾಣ ಬಿಟ್ಟ. ನಾನು ಬೇಡವೆನ್ನಲು ಎರಡು ಸಲ ಬಾಯಿ ತೆರೆದೆ. ಮೊದಲ ಬಾಣಗಳು ಸರಿಯಾಗಿ ನಾಟಿದಾಗ ಸುಮ್ಮನಾದೆ. ಮತ್ತೊಮ್ಮೆ ಪೂರ್ತಿ ಎಳೆದು ನಿಂತಾಗ ಮೇಲಿನ ಲಿಂಬು ಸಿಡಿಯಿತು. ಕೇಬಲ್ ಚಾಟಿಯಂತೆ ಬೀಸಿ ಬಂದು ಬಿಲ್ಲು ಹಿಡಿದ ಎಡಗೈಯನ್ನು ಮಣಿಕಟ್ಟಿನ ಬಳಿ ಸೀಳಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಕೈ ಉಳಿಯಿತು. ಉಂಗುರ ಬೆರಳು, ಕಿರುಬೆರಳು ಮಡಚುವುದು ನಿಂತಿತು. ಆಟೊದ ಕ್ಲಚ್, ಗೇರು ಎರಡೂ ಎಡಗೈಯಲ್ಲೇ. ಆಟೊ ಮನೆಯ ಮುಂದೆ ನಿಂತುಬಿಟ್ಟಿತು.

ಹೊಲಿಗೆ ಬಿಚ್ಚಿದ ವಾರ ಅವನು ಮುರಿದ ಲಿಂಬನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. “ಅಣ್ಣಾ, ನೀನಾ ಹೇಳು. ಇದು ಹಳೀ ಬಿರುಕೋ, ಹೊಸಾದೋ?”

ಮುರಿದ ಬಾಯಿ ಅರ್ಧ ಬಿಳಿ, ಅರ್ಧ ಕೆಂಪು. ಅವನು ಆ ಕೆಂಪನ್ನು ತನ್ನ ರಕ್ತವೆಂದು ತಿಳಿದಿದ್ದ. ರಕ್ತವಾಗಿದ್ದರೆ ಅಷ್ಟು ದಿನಕ್ಕೆ ಕಪ್ಪಾಗಿರಬೇಕಿತ್ತು. ಬಿರುಕಿನೊಳಗೆ ಇಳಿದಿದ್ದದ್ದು ನಾನು ಬಳಿದ ಕುಂಕುಮ.

“ಹಳೀದು,” ಎಂದೆ.

ಸುಳ್ಳಲ್ಲ, ಅದು ಮುರಿಯುವ ಹಿಂದಿನ ದಿನದ್ದೇ. ಆದರೆ ಆ ಒಂದು ಮಾತು ಹಿಡಿದು ಮಾನಪ್ಪ ಶಹಾಪುರಕ್ಕೆ ಹೋಗಿ, ಶಾಲೆಯ ಮೈದಾನದಲ್ಲಿ ಮಕ್ಕಳೆದುರು ಶರಣಪ್ಪ ಮಾಸ್ತರನ್ನು ಮೋಸಗಾರನೆಂದು ಬೈದು ಬಂದ. ಅವರು ಬಿಲ್ಲಿಗೆ ಪಡೆದಿದ್ದ ಹಣವನ್ನೆಲ್ಲ ವಾಪಸು ಕಳಿಸಿದರು.

ದೀಪಾವಳಿ ಕಳೆದ ಮೇಲೆ ಮಾಸ್ತರು ತಾವೇ ನಮ್ಮ ಅಂಗಡಿಗೆ ಬಂದರು. ಮಾನಪ್ಪ ಅಲ್ಲೇ ಚಹಾ ಕುಡಿಯುತ್ತಿದ್ದ, ಮುಖ ತಿರುಗಿಸಿದ. ಅವರು ಅವನ ಪಕ್ಕ ಕುಳಿತು ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಬಿಲ್ಲು ಕೊಡುವ ಮುಂಚೆ ತಾವೇ ಅದನ್ನು ಬಿಸಿಲಿಗೆ ಹಿಡಿದು ನೋಡಿದ್ದರಂತೆ, ಬಿರುಕು ಹೇಗೆ ಕಣ್ಣು ತಪ್ಪಿತೋ ತಿಳಿಯದು, ಅದೇ ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವು ಕಸಬು ಬಲ್ಲವ್ರು. ನನಗ ಕಾಣದ್ದು ಎಲ್ಲಿತ್ರಿ ಅದು? ಒಮ್ಮಿ ತೋರಸ್ರಿ.”

ನಾನು ಲಿಂಬನ್ನು ತೆಗೆದು ಅವರ ಕೈಯಲ್ಲಿಟ್ಟೆ. “ನಿಮಗ ಕಂಡಿಲ್ಲ ಅಂದ್ರ ಆವಾಗ ಅದು ಇರಲೇ ಇಲ್ರಿ, ಮಾಸ್ತರ. ಖಾಲಿ ಎಳದು ಬಿಟ್ಟಾಂವ ನಾನು. ಬಿರುಕು ಕಂಡು ಕುಂಕುಮ ಮೆತ್ತಿದಾಂವನೂ ನಾನಾ.”

ಮಾನಪ್ಪ ಚಹಾದ ಲೋಟ ಕೆಳಗಿಟ್ಟ. ಅವನು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

“ಕೈ ಹೋತು, ಹೋಗ್ಲಿ,” ಎಂದ. “ಹುಡುಗರ ಮುಂದ ಇವರಿಗೆ ಅಂದ ಮಾತು ನಾ ಹ್ಯಾಂಗ ಹೊಳ್ಳಿ ತಗೋಲಿ, ಹೇಳು.”

ಮರುದಿನ ಇಬ್ಬರೂ ಶಹಾಪುರಕ್ಕೆ ಹೋದೆವು. ಅದೇ ಮೈದಾನದಲ್ಲಿ, ಅದೇ ಮಕ್ಕಳೆದುರು, ನಡೆದದ್ದನ್ನು ನಾನು ಹೇಳಿದೆ. ಹಂದಿಯ ಅರ್ಜಿಯನ್ನು ಮಾನಪ್ಪ ಮತ್ತೆ ವಿಚಾರಿಸಲಿಲ್ಲ.

ಬಿರುಕು ಹುಡುಕುವುದೇ ಈ ಕಸಬು ಎಂದು ಇಪ್ಪತ್ತು ವರ್ಷ ತಿಳಿದಿದ್ದೆ. ಕಂಡದ್ದನ್ನು ಕಂಡ ಹೊತ್ತಿಗೇ ಹೇಳುವುದು ಕಸಬು. ಹುಡುಕುವುದನ್ನು ಯಾರಿಗಾದರೂ ಒಂದು ದಿನದಲ್ಲಿ ಕಲಿಸಬಹುದು. ಈಗ ಗೆರೆ ಕಂಡ ಕೂಡಲೇ ಕೆಲಸ ನಿಲ್ಲಿಸಿ, ಮಾಲೀಕನನ್ನು ಕರೆದು, ಅವನ ಬೆರಳನ್ನೇ ಅದರ ಮೇಲೆ ಇಡಿಸುತ್ತೇನೆ.

ಯುಗಾದಿಯ ಹೊತ್ತಿಗೆ ಮಾನಪ್ಪನ ಆಟೊಕ್ಕೆ ಅಗಲವಾದ ಕ್ಲಚ್ ಹಿಡಿಯೊಂದನ್ನು ಮಾಡಿದೆ, ಎರಡು ಬೆರಳು ಮತ್ತು ಅಂಗೈಯಿಂದ ಒತ್ತುವಂಥದ್ದು. ಅವನು ಬಂದು, ತಿರುವಿ ನೋಡಿ, ಚೆನ್ನಾಗಿದೆ ಎಂದ. ಆದರೆ ಕೂಡಲೇ ಕೂರಿಸಲಿಲ್ಲ. ನನ್ನ ಮೇಜಿನ ಕೆಳಗಿನಿಂದ ಸೀಮೆಎಣ್ಣೆಯ ಡಬ್ಬಿ ಎಳೆದು ಬೆಸುಗೆಯ ಸುತ್ತ ಹಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಅದನ್ನೇ ನೋಡುತ್ತ ಕುಳಿತ. ನಾನು ಪಕ್ಕದಲ್ಲಿ ನಿಂತು ಕಾದೆ.